ಏಳನೆಯ ಅಧ್ಯಾಯದ ಶುದ್ಧಪ್ರತಿ

ಗೋಕಾಕ
೨೦ ಮಾರ್ಚ್ ೨೦೨೪, ಬುಧವಾರ

ಚಿ. ಸೌ. ಕೆಂಚವ್ವನಿಗೆ ಮಾಲಿಂಗಪ್ಪನ ಆಶೀರ್ವಾದಗಳು.

ಶ್ರೀಗುರುವಿನ ಕೃಪೆಯಿಂದ ಇಲ್ಲಿ ಕ್ಷೇಮ. ನಿನ್ನ ತಂಗಿ ಶೈಲಾಳ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾದ ನಿಮಿತ್ತ ನೀನು ಹತ್ತರಗಿಗೆ ಹೋಗಿ ಇಂದಿಗೆ ಹದಿನೇಳು ದಿನಗಳಾದವು. ಒಡಹುಟ್ಟಿದವಳ ಸೇವೆ ಧರ್ಮವೇ ಆದುದರಿಂದ ನಾನು ಆಕ್ಷೇಪಿಸಲಿಲ್ಲ. ಫೋನು ಮಾಡಿದಾಗಲೆಲ್ಲ ನಿನ್ನದು ಬಂದ್ ಆಗಿದೆ ಎಂಬ ಉತ್ತರವೇ ಬರುತ್ತದೆ. ಅಲ್ಲಿ ಸಂಪರ್ಕ ಸರಿಯಿಲ್ಲವೆಂದು ಭಾವಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ.

ಪ್ರಾಚೀನ ಗ್ರೀಕರ ಕಾವ್ಯಗಳಲ್ಲಿ ಸತಿಪತಿಯರ ಸಾಮರಸ್ಯವನ್ನು ಕುರಿತು ನಾಲ್ಕು ವರ್ಷಗಳಿಂದ ನಾನು ಬರೆಯುತ್ತಿದ್ದ ಗ್ರಂಥವು ಮುದ್ರಣಕ್ಕೆ ಸಿದ್ಧವಾಗಿದೆ. ಮೇ ಇಪ್ಪತ್ತಾರು, ರವಿವಾರದಂದು ನಮ್ಮ ಅಧ್ಯಯನ ಮಂಡಳಿಯವರು ಅದನ್ನು ಬಿಡುಗಡೆ ಮಾಡುವರು. ವಿಷಯಕ್ಕೆ ತಕ್ಕಂತೆ ಅಂದು ನಮ್ಮಿಬ್ಬರನ್ನೂ ವೇದಿಕೆಯ ಮೇಲೆ ಜೋಡಿ ಕುರ್ಚಿಗಳಲ್ಲಿ ಕೂರಿಸಿ ದಂಪತಿ ಸತ್ಕಾರ ಮಾಡಬೇಕೆಂದು ಅವರು ನಿಶ್ಚಯಿಸಿದ್ದಾರೆ. ಆಮಂತ್ರಣ ಪತ್ರಿಕೆಯಲ್ಲಿ ನಿನ್ನ ಹೆಸರೂ ಇದೆ.

ಆರು ಅಧ್ಯಾಯಗಳ ಶುದ್ಧಪ್ರತಿ ಮೂಡಲಗಿಯ ಹನಮಂತನ ಮುದ್ರಣಾಲಯವನ್ನು ಸೇರಿದೆ. ಏಳನೆಯದು, ಕಡೆಯದು, ಮನೆಯಲ್ಲಿ ಎಲ್ಲಿಯೂ ಸಿಗುತ್ತಿಲ್ಲ. ಬಟ್ಟೆ ತುಂಬುವ ಅವಸರದಲ್ಲಿ ನೀನು ಅದನ್ನೂ ಚೀಲಕ್ಕೆ ಹಾಕಿಕೊಂಡಿರಬೇಕು.

ಹೊರಡುವ ಮುನ್ನಾದಿನ ಮಂಡಳಿಯವರ ಎದುರು ನಾನು ಆಡಿದ ಒಂದು ಮಾತು ನಿನಗೆ ಕಠಿಣವಾಗಿ ಕೇಳಿಸಿದ್ದರೆ, ಅದು ಗದರಿಕೆಯಲ್ಲ, ಗ್ರಂಥಶುದ್ಧಿಯ ಕಾಳಜಿ ಎಂದು ತಿಳಿ. ನಲವತ್ತೊಂದು ವರ್ಷ ನನ್ನ ಬರಹಗಳನ್ನು ಅಂದವಾಗಿ ನಕಲು ಮಾಡಿಕೊಟ್ಟವಳು ನೀನು. ಯುಗಾದಿಯ ಒಳಗಾಗಿ ಅಧ್ಯಾಯದೊಡನೆ ಬರುವುದು.

ಮಾಲಿಂಗಪ್ಪ


ಹತ್ತರಗಿ
೨೯ ಮಾರ್ಚ್ ೨೦೨೪

ಯಜಮಾನರ ಪಾದಗಳಿಗೆ ಕೆಂಚವ್ವನ ಶರಣು.

ನಿಮ್ಮ ಪತ್ರ ತಲುಪಿತು. ಶೈಲಾಳ ಮೊಣಕಾಲು ಸುಧಾರಿಸಿದೆ. ನಿನ್ನೆ ಆಕೆ ಒಬ್ಬಳೇ ಹಿಟ್ಟಿನ ಗಿರಣಿಗೆ ಹೋಗಿ ಬಂದಳು. ಹತ್ತರಗಿ ಹೆದ್ದಾರಿಯ ಬದಿಯ ಊರು. ಇಲ್ಲಿ ಸಂಪರ್ಕಕ್ಕೆ ಕೊರತೆಯಿಲ್ಲ. ಫೋನನ್ನು ನಾನೇ ಬಂದ್ ಮಾಡಿದ್ದೇನೆ. ಫೋನಿನಲ್ಲಿ ನೀವು ಮಾತನಾಡುತ್ತೀರಿ, ನಾನು ‘ಹೂಂರಿ’ ಅನ್ನುತ್ತೇನೆ. ಪತ್ರವಾದರೆ ನನ್ನ ಮಾತು ಮುಗಿಯುವವರೆಗೆ ನೀವು ಕಾಯಲೇಬೇಕು.

ಅಧ್ಯಾಯ ಅವಸರದಲ್ಲಿ ಚೀಲಕ್ಕೆ ಬಿದ್ದದ್ದಲ್ಲ. ಎರಡು ಸೀರೆಗಳ ನಡುವೆ, ಮಡಿಕೆ ಬೀಳದಂತೆ, ನೋಡಿಯೇ ಇಟ್ಟುಕೊಂಡೆ.

ಅಂದು ‘ಒಂದು ಮಾತು’ ಆಡಿದೆನೆಂದು ಬರೆದಿದ್ದೀರಿ. ಆ ಮಾತು ಯಾವುದೆಂದು ಬರೆದಿಲ್ಲ. ನಾನು ಬರೆಯುತ್ತೇನೆ. ಮಂಡಳಿಯವರಿಗೆ ನೀವು ಏಳನೆಯ ಅಧ್ಯಾಯ ಓದಿ ಹೇಳುತ್ತಿದ್ದಿರಿ. ನಾನು ಚಹಾದ ತಾಟು ಹಿಡಿದು ಬಂದೆ. ನೀವು ಓದುವುದನ್ನು ನಿಲ್ಲಿಸಿ ಕೇಳಿದಿರಿ:

“ಏನಿದು? ನಾ ಬರದದ್ದು ಪತ್ಯನುವರ್ತನ. ಇಲ್ಲಿ ಒಮ್ಮನ ಅಂತೈತಿ.”

“ಹಂಗ ಬರದ್ರ ಅರ್ಥ ಸರಿ ಆಕ್ಕೈತಿ ಅನಿಸ್ತರಿ,” ಅಂದೆ.

“ನಕಲ ಮಾಡಾಕ ಕೊಟ್ಟಿದ್ನಿ, ಬರಿಯಾಕಲ್ಲ. ನಕಲ ಮಾಡೂ ಕೈಗೆ ತಲಿ ಯಾಕ ಬೇಕು?”

ಮಂಡಳಿಯ ಕಾರ್ಯದರ್ಶಿ ಮಹೇಶ, “ಸರ, ಅಕ್ಕಾರಿಗೂ ಒಂದು ಡಾಕ್ಟರೇಟ್ ಕೊಡಿಸಿಬಿಡೂಣ್ರಿ,” ಅಂದ. ಎಲ್ಲರೂ ನಕ್ಕರು. ನೀವೂ ನಕ್ಕಿರಿ. ನಿಮ್ಮ ಮಾತನ್ನು ನಾನು ಅಡುಗೆಮನೆಯಲ್ಲೇ ಬಿಟ್ಟು ಬರಬಹುದಿತ್ತು. ಆ ನಗು ನನ್ನ ಜೊತೆ ಬಸ್ಸು ಹತ್ತಿತು.

ಪತ್ಯನುವರ್ತನವೆಂದರೆ ಗಂಡನ ಹಿಂದೆ ನಡೆಯುವುದು. ಧಾರವಾಡದಿಂದ ನೀವು ತರಿಸಿದ ಗ್ರೀಕ್ ನಿಘಂಟನ್ನು ನಾನೂ ತೆರೆದು ನೋಡಿದೆ. ಆ ಕವಿಗಳ ಪದದಲ್ಲಿ ಮೊದಲರ್ಧಕ್ಕೆ ‘ಒಂದೇ’ ಎಂದು ಅರ್ಥ, ಎರಡನೆಯರ್ಧಕ್ಕೆ ‘ಮನಸ್ಸು’. ಅದರಲ್ಲಿ ಗಂಡನೂ ಇಲ್ಲ, ಹಿಂದೆ ಎಂಬುದೂ ಇಲ್ಲ. ನಮ್ಮಲ್ಲಿ ‘ಒಮ್ಮನ’ ಎಂಬ ಹಳೆಯ ಮಾತು ಇರುವಾಗ ನಡುವೆ ಗಂಡನನ್ನು ಏಕೆ ತರಬೇಕು?

ಕೆಂಚವ್ವ


ಗೋಕಾಕ
೪ ಏಪ್ರಿಲ್ ೨೦೨೪

ಸೌ. ಕೆಂಚವ್ವನಿಗೆ ಆಶೀರ್ವಾದ.

ನಿನ್ನ ಪತ್ರವನ್ನು ಪೂಜೆ ಮುಗಿಸಿ ಓದಿದೆನು. ಮೊದಲೇ ಓದಿದ್ದರೆ ಪೂಜೆಯಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ.

ನಿಘಂಟನ್ನು ತೆರೆದ ಮಾತ್ರಕ್ಕೆ ಭಾಷೆ ತೆರೆದುಕೊಳ್ಳದು. ‘ಹೊಮೊಫ್ರೊಸುನೆ’ ಎಂಬ ಆ ಪದದ ಬಿಡಿ ಅರ್ಥ ನೀನು ಹೇಳಿದಂತೆಯೇ ಇದೆ; ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅನುವಾದಕನು ಪದವನ್ನಲ್ಲದೆ ಧರ್ಮವನ್ನೂ ದಾಟಿಸಬೇಕು. ಇನ್ನೊಂದು ತೊಡಕನ್ನು ನೀನು ಅರಿಯೆ. ಇಬ್ಬರೂ ಕೂಡಿ ಮನೆ ನಡೆಸುವ ಸಂಗತಿಯನ್ನು ಹೇಳುವಾಗ ಗ್ರೀಕ್ ಕವಿಯು ಕ್ರಿಯಾಪದವನ್ನು ದ್ವಿವಚನದಲ್ಲಿ ಇಡುತ್ತಾನೆ. ಎರಡು ಕಣ್ಣು, ಎರಡು ಕೈ, ಒಂದು ನೊಗಕ್ಕೆ ಕಟ್ಟಿದ ಎರಡು ಎತ್ತು, ಇಂಥವಕ್ಕೆಂದೇ ಆ ಭಾಷೆಯಲ್ಲಿ ಬೇರೆ ವಚನವುಂಟು, ಸಂಸ್ಕೃತದಲ್ಲಿಯೂ ಉಂಟು. ಕನ್ನಡದಲ್ಲಿ ಇಲ್ಲ. ಆದುದರಿಂದ ನಾನು ಆ ಒಂದು ಕ್ರಿಯೆಯನ್ನು ಎರಡಾಗಿ ಒಡೆದು, ‘ಪತಿಯವರು ಮನೆಯನ್ನು ನಡೆಸುವರು, ಸತಿಯು ಅನುವರ್ತಿಸುವಳು’ ಎಂದು ಬರೆದೆನು. ಪತಿಗೆ ಬಹುವಚನವು ಗೌರವಾರ್ಥವಾದುದು. ಇದರಲ್ಲಿ ತಿದ್ದುವಂಥದ್ದು ಏನೂ ಇಲ್ಲ.

ಮಂಡಳಿಯವರ ನಗು ಮನೆಯವರ ನಗು. ಅದನ್ನು ಬಸ್ಸು ಹತ್ತಿಸಿಕೊಂಡು ಹೋದದ್ದು ನಿನ್ನ ಹಟ.

ಯುಗಾದಿಯೊಳಗೆ ಅಧ್ಯಾಯ ಬಾರದಿದ್ದರೆ ನನ್ನ ಕರಡಿನಿಂದಲೇ ಬೇರೊಬ್ಬರ ಕೈಯಲ್ಲಿ ಟೈಪು ಮಾಡಿಸುವೆನು.

ಮಾಲಿಂಗಪ್ಪ


ಹತ್ತರಗಿ
೧೪ ಏಪ್ರಿಲ್ ೨೦೨೪

ಯಜಮಾನರಿಗೆ ಶರಣು.

ಯುಗಾದಿ ಕಳೆಯಿತು. ಟೈಪು ಆಯಿತೆಂಬ ಸುದ್ದಿ ಬರಲಿಲ್ಲ, ಬರುವುದೂ ಇಲ್ಲ. ನಿಮ್ಮ ಕರಡನ್ನು ಓದಬಲ್ಲವರು ಇಬ್ಬರೇ. ಅವರಲ್ಲಿ ಒಬ್ಬರು ನೀವು, ಅದೂ ಬರೆದು ಒಂದು ವಾರ ಮೀರಿರದಿದ್ದರೆ.

ವಚನದ ಪಾಠ ಓದಿದೆ. ಗಂಡನೊಬ್ಬನಿಗೆ ಬಹುವಚನ, ಹೆಂಡತಿಗೆ ಏಕವಚನ. ಹೇಗೆ ಕೂಡಿಸಿದರೂ ಇಬ್ಬರಾಗಲಿಲ್ಲವಲ್ಲ. ಇದನ್ನು ಶೈಲಾಳಿಗೆ ಓದಿ ಹೇಳಿದೆ. ಆಕೆ, “ಅಕ್ಕಾ, ಮಾಮಾರು ಗ್ರೀಕ್ ದೇಶದಾಗ ಸಂಸಾರ ಮಾಡಾಕತ್ತಾರ, ಗೋಕಾಕದಾಗಿನ ಹೇಣ್ತಿ ಅವರಿಗೆ ಎಲ್ಲಿ ಕಾಣಬೇಕ?” ಅಂದಳು. ನಗು ಬಂತು. ಆಮೇಲೆ ಬರಲಿಲ್ಲ.

ನಿಮ್ಮ ಆರನೆಯ ಅಧ್ಯಾಯವನ್ನು ನಕಲು ಮಾಡಿದವಳು ನಾನೇ. ಅದರಲ್ಲಿನ ಗ್ರೀಕ್ ಕಥೆಯಲ್ಲಿ, ಬಹುವರ್ಷಗಳ ಮೇಲೆ ಮನೆಗೆ ಮರಳಿದ ಗಂಡನನ್ನು ಹೆಂಡತಿ ಮುಖ ನೋಡಿ ಒಪ್ಪಿಕೊಳ್ಳುವುದಿಲ್ಲ. ಇಬ್ಬರಿಗೆ ಮಾತ್ರ ತಿಳಿದಿರುವ ಒಂದು ಗುರುತಿನಿಂದ ಪರೀಕ್ಷಿಸುತ್ತಾಳೆ. ಅಂಥ ಪರೀಕ್ಷೆ ಸಾಮರಸ್ಯಕ್ಕೆ ಕುಂದಲ್ಲ, ಭೂಷಣ ಎಂದು ಬರೆದಿದ್ದೀರಿ. ಹಾಗಾದರೆ ನನ್ನದೂ ಒಂದು ಪರೀಕ್ಷೆ.

ಮೂಡಲಗಿಯಲ್ಲಿ ಬಾಡಿಗೆಯ ಕೋಣೆಯಲ್ಲಿದ್ದಾಗ, ಮದುವೆಯಾದ ವರ್ಷ, ದಾಸೋಹವನ್ನು ಕುರಿತು ನಿಮ್ಮ ಮೊದಲ ಪುಸ್ತಕ ಬಂತು. ಐವತ್ತಾರು ಪುಟ. ಅದರಲ್ಲಿ ಒಂದು ವಾಕ್ಯ ನನ್ನದು. ಯಾವುದೆಂದು ಹೇಳಿ. ಸರಿಯಾಗಿ ಹೇಳಿದ ದಿನ ಅಧ್ಯಾಯ ಹಿಡಿದು ಬರುತ್ತೇನೆ, ನಿಮ್ಮ ಜೋಡಿ ಕುರ್ಚಿಯಲ್ಲಿ ಕೂರುತ್ತೇನೆ. ಹೇಳಲಾಗದಿದ್ದರೆ ಬರುವುದಿಲ್ಲ. ಆ ದಿನವೂ ಇಲ್ಲ, ಆಮೇಲೆಯೂ ಇಲ್ಲ. ಶೈಲಾ ಒಂದು ಕೋಣೆ ಖಾಲಿ ಮಾಡಿಕೊಟ್ಟಿದ್ದಾಳೆ.

ಕೆಂಚವ್ವ


ಗೋಕಾಕ
೨೨ ಏಪ್ರಿಲ್ ೨೦೨೪

ಸೌ. ಕೆಂಚವ್ವನಿಗೆ ಆಶೀರ್ವಾದ.

ಇದಕ್ಕೆ ಇಷ್ಟೊಂದು ಬಿರುಸಾದ ಮಾತು ಬೇಕಿರಲಿಲ್ಲ. ಪುಸ್ತಕವನ್ನು ಕಪಾಟಿನಿಂದ ತೆಗೆದು ಒಂದೇ ಬಾರಿ ಓದಿದೆನು, ಉತ್ತರ ದೊರೆಯಿತು. ನಲವತ್ತಮೂರನೆಯ ಪುಟದ ನಡುವಿನಲ್ಲಿ ಕರ್ತೃ ಏಕವಚನದಲ್ಲಿಯೂ ಕ್ರಿಯೆ ಬಹುವಚನದಲ್ಲಿಯೂ ಇರುವ ಒಂದು ವಾಕ್ಯವಿದೆ. ಕರ್ತೃವಿಗೂ ಕ್ರಿಯೆಗೂ ಹೊಂದಿಕೆಯಿಲ್ಲದ ಇಂಥ ವಾಕ್ಯ ನನ್ನಿಂದ ಬರುವ ಸಂಭವವೇ ಇಲ್ಲ. ಅದು ನಿನ್ನದು. ಇಷ್ಟು ವರ್ಷ ಅದನ್ನು ಕಂಡೂ ಎತ್ತಿ ಆಡದೆ ಸಹಿಸಿಕೊಂಡೆನು ಎಂಬುದನ್ನು ನೀನು ಈಗಲಾದರೂ ಅರಿತರೆ ಸಾಕು.

ಪರೀಕ್ಷೆ ಮುಗಿಯಿತು. ಬರುವ ಸೋಮವಾರ ಬಸ್ ನಿಲ್ದಾಣಕ್ಕೆ ನಾನೇ ಬರುವೆನು.

ಮಾಲಿಂಗಪ್ಪ


ಹತ್ತರಗಿ
೩೦ ಏಪ್ರಿಲ್ ೨೦೨೪

ಯಜಮಾನರಿಗೆ.

ಅಲ್ಲ. ಅದು ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸಿದವರ ತಪ್ಪು. ಕರಡಚ್ಚು ನೋಡುವಾಗ ನಾನೇ ತೋರಿಸಿದ್ದೆ. ನೀವು, “ಇರ್ಲಿ ಬಿಡು, ಯಾರು ನೋಡತಾರ,” ಅಂದಿರಿ.

ನನ್ನದನ್ನು ಹುಡುಕಲು ಕೂತವರು ತಪ್ಪನ್ನೇ ಹುಡುಕಿದಿರಿ. ವೇದಿಕೆಯ ಮೇಲೆ ಒಂದೇ ಕುರ್ಚಿ ಹಾಕಿಸಿ.

ಕೆಂಚವ್ವ


ಗೋಕಾಕ
೮ ಮೇ ೨೦೨೪

ಕೆಂಚವ್ವ,

ನಿನ್ನೆ ಮತದಾನಕ್ಕೆ ನೀನು ಗೋಕಾಕಕ್ಕೆ ಬಂದಿದ್ದೆಯಂತೆ. ನಮ್ಮ ಓಣಿಯ ಶಾಲೆಯ ಮತಗಟ್ಟೆಯಲ್ಲಿ ನಿನ್ನನ್ನು ಕಂಡೆನೆಂದು ಮಹೇಶ ಸಂಜೆ ಬಂದು ಹೇಳಿದ.

“ಸರ, ಅಕ್ಕಾರು ಬಂದಾರಲ್ರಿ. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ನಿಂತಿದ್ರು. ಮನ್ಯಾಗ ಅದಾರೇನ್ರಿ?”

ನಾನು, “ಮಲಗ್ಯಾಳ, ದಣದಾಳ,” ಅಂದೆ. ಎಪ್ಪತ್ತು ವರ್ಷದಲ್ಲಿ ಲಿಂಗವನ್ನು ಎದೆಯ ಮೇಲಿಟ್ಟುಕೊಂಡು ಹೇಳಿದ ಸುಳ್ಳು ಅದೊಂದೇ ಎಂದು ಹೇಳಲಾರೆ. ಆದರೆ ಹೇಳಿದ ಮೇಲೆ ಒಳಗಿನ ಕೋಣೆಗೆ ಹೋಗಿ ನೋಡಿದ್ದು ಇದೊಂದೇ ಸಲ.

ಮತಗಟ್ಟೆಯಿಂದ ನಮ್ಮ ಮನೆಗೆ ಇನ್ನೂರು ಹೆಜ್ಜೆ. ಅಲ್ಲಿಯವರೆಗೆ ಬಂದವಳು ಇನ್ನೂರು ಹೆಜ್ಜೆ ನಡೆಯದೆ ಬಸ್ಸು ಹಿಡಿದು ಮರಳಿ ಹೋದೆ. ಇದನ್ನು ಯಾವ ಭಾಷೆಗೆ ಅನುವಾದಿಸಲಿ?

ಆ ಪುಸ್ತಕವನ್ನು ಮೂರು ಸಲ ಓದಿದೆ. ನನ್ನ ವಾಕ್ಯ ಯಾವುದು, ನಿನ್ನದು ಯಾವುದು, ಗೊತ್ತಾಗುತ್ತಿಲ್ಲ. ನನಗೆ ಗೊತ್ತಾಗುತ್ತಿಲ್ಲ ಎಂದು ಬರೆಯಲು ಈ ಹಾಳೆಯನ್ನು ಎರಡು ಸಲ ಬದಲಿಸಿದೆ. ಮುದ್ರಿತ ಪುಟಗಳಲ್ಲಿ ಎಲ್ಲ ಅಕ್ಷರವೂ ಒಂದೇ ಆಕಾರ. ಮೂಲ ಹಸ್ತಪ್ರತಿ ಉಳಿದಿದ್ದರೆ, ಅದನ್ನು ಅಚ್ಚು ಹಾಕಿದ ಹನಮಂತನ ಮುದ್ರಣಾಲಯದಲ್ಲಿಯೇ ಉಳಿದಿರಬೇಕು. ಶನಿವಾರ ಮೂಡಲಗಿಗೆ ಹೋಗುತ್ತೇನೆ.

ಮಾಲಿಂಗಪ್ಪ


ಮೂಡಲಗಿ
೧೧ ಮೇ ೨೦೨೪, ಶನಿವಾರ

ಕೆಂಚವ್ವನಿಗೆ ಮಾಲಿಂಗಪ್ಪನ ಶರಣು.

ಹನಮಂತನ ಮುದ್ರಣಾಲಯದಲ್ಲಿ, ಅವನಿಂದಲೇ ಬೇಡಿದ ಹಾಳೆಯ ಮೇಲೆ ಇದನ್ನು ಬರೆಯುತ್ತಿದ್ದೇನೆ. ಊರಿಗೆ ಹೋಗಿ ಬರೆದರೆ ಸಿಟ್ಟು ಆರೀತು, ಆರಬಾರದು.

ನೀನು ನನಗೆ ಸುಳ್ಳು ಹೇಳಿದೆ.

ಹನಮಂತ ಅಟ್ಟದಿಂದ ಗಂಟನ್ನು ಇಳಿಸಿ ಧೂಳು ಒರೆಸಿ ಕೊಟ್ಟ. “ಸರ, ಇದನ್ನ ಒಗದ ಬಿಡಬೇಕಂತ ಭಾಳ ಸಲ ಮಾಡಿದ್ನಿರಿ. ನಮ್ಮಪ್ಪ ಬಿಡಲಿಲ್ಲ. ಗಂಡಾ ಹೇಣ್ತಿ ಕೂಡಿ ಬರದದ್ದೈತಿ, ಇರ್ಲಿ ಅಂತಿದ್ದ. ಮೊಳಿ ಜೋಡಸಾವ್ರು ನಮ್ಮಪ್ಪನ ಕೂಡ ಜಗಳಾ ಮಾಡತಿದ್ರಂತ್ರಿ, ಒಂದ ಸಾಲಿನ್ಯಾಗ ಎರಡು ಕೈ ಅಕ್ಷರ ಹೆಂಗ ಓದೂದು ಅಂತ.”

“ಇದರಾಗ ಅಕ್ಕಾರದು ಯಾವ ಸಾಲು, ಗೊತ್ತೈತೇನ ನಿನಗ?” ಎಂದು ಕೇಳಿದೆ. ಅವನು ನನ್ನನ್ನೇ ನೋಡಿದ. “ನೀವ ಕುಂತು ಬರದೀರಿ, ನನ್ನ ಕೇಳತೀರಲ್ರಿ ಸರ.”

ಗಂಟು ಬಿಚ್ಚಿದೆ. ದಾಸೋಹದ ಪುಸ್ತಕಕ್ಕೆ ಕರಡು ಬೇರೆ, ಶುದ್ಧಪ್ರತಿ ಬೇರೆ ಇಲ್ಲ. ಇರುವುದು ಒಂದೇ ಪ್ರತಿ. ಪ್ರತಿ ಹಾಳೆಯ ಎರಡೂ ಅಂಚು ಸವೆದಿವೆ. ಆಗ ನೆನಪಾಯಿತು. ಆ ಕೋಣೆಯಲ್ಲಿ ನಮಗೆ ಇದ್ದದ್ದು ಒಂದು ಡೆಸ್ಕು, ಒಂದು ಪೆನ್ನು. ಈ ಕಡೆ ನಾನು, ಆ ಕಡೆ ನೀನು. ನಾನು ಗಟ್ಟಿಯಾಗಿ ಹೇಳುತ್ತ ಬರೆಯುತ್ತಿದ್ದೆ. ಎಲ್ಲಿಯೋ ಒಂದು ಕಡೆ ನೀನು, “ತಡೀರಿ,” ಅಂದು ಹಾಳೆಯನ್ನು ನಿನ್ನ ಕಡೆ ತಿರುಗಿಸಿಕೊಂಡು ಮುಂದುವರಿಸುತ್ತಿದ್ದೆ. ಆಮೇಲೆ ನಾನು ತಿರುಗಿಸಿಕೊಳ್ಳುತ್ತಿದ್ದೆ.

ಮಠದ ಊಟದ ಮನೆಯ ಗೋಡೆಯ ಮೇಲೆ ಇಂದಿಗೂ ಬರೆಸಿಟ್ಟಿರುವ ವಾಕ್ಯ, ನಲವತ್ತು ವರ್ಷ ನನ್ನದೆಂದು ಜನರಿಂದ ಕೈ ಮುಗಿಸಿಕೊಂಡ ವಾಕ್ಯ, ಈಗ ನನ್ನ ಕಣ್ಣ ಮುಂದಿದೆ. ‘ಹಸಿದು ಬಂದವನ ಹೆಸರನ್ನು ಬಾಗಿಲಲ್ಲಿ ಕೇಳಬಾರದು’ ಎಂಬಲ್ಲಿಯವರೆಗೆ ನನ್ನ ಕೋಳಿಕಾಲಿನ ಅಕ್ಷರ. ‘ಒಲೆಗೆ ಆ ಹೆಸರು ಬೇಕಾಗಿಲ್ಲ’ ಎಂಬುದು ನಿನ್ನ ಕೈ. ನಡುವೆ ಅಲ್ಪವಿರಾಮ ಯಾರದೋ ತಿಳಿಯದು.

ಅದರಲ್ಲಿ ಒಂದು ವಾಕ್ಯ ನಿನ್ನದು ಎಂದು ಬರೆಯಲು ನಿನಗೆ ಯಾರು ಅಧಿಕಾರ ಕೊಟ್ಟರು? ಆ ಪುಸ್ತಕದಲ್ಲಿ ನಿನ್ನದೆಂಬ ವಾಕ್ಯ ಒಂದೂ ಇಲ್ಲ. ನನ್ನದೆಂಬುದೂ ಒಂದೂ ಇಲ್ಲ. ಅದನ್ನು ಬಿಡಿಸಲು ಬರುವುದಿಲ್ಲ. ಬಿಡಿಸಿ ತೋರಿಸು ಎಂದು ನನ್ನನ್ನು ಕೇಳಿದೆಯಲ್ಲ, ಅದೇ ನನಗೆ ತಡೆಯಲಾಗದ ಸಿಟ್ಟು.

ಇಷ್ಟು ಬರೆದು, ಕೆಳಗಿದ್ದ ಇನ್ನುಳಿದ ಗಂಟುಗಳನ್ನು ನೋಡಿದೆ. ಎರಡನೆಯ ಪುಸ್ತಕದಲ್ಲಿಯೂ ಎರಡು ಕೈ ಇವೆ. ಮೂರನೆಯದಕ್ಕೆ ಮಂಡಳಿಯ ಬಹುಮಾನ ಬಂದಿತ್ತು, ನೆನಪಿದೆಯೇ? ಆಗ ನನಗೆ ಬೇರೆ ಕೋಣೆ, ಬೇರೆ ಮೇಜು ಆಯಿತು. ಅಲ್ಲಿಂದ ಮುಂದೆ ನನ್ನ ಕರಡು ಬೇರೆ, ನಿನ್ನ ಶುದ್ಧಪ್ರತಿ ಬೇರೆ. ಓದಿ ಹೇಳುವುದನ್ನು ನಾನು ಯಾವ ದಿನ ಬಿಟ್ಟೆನೋ ಈ ಕಾಗದಗಳಲ್ಲಿ ದಾಖಲಾಗಿಲ್ಲ. ಬಿಟ್ಟದ್ದು ಮಾತ್ರ ಕಾಣುತ್ತದೆ.

ಕನ್ನಡದಲ್ಲಿ ದ್ವಿವಚನವಿಲ್ಲ ಎಂದು ನಿನಗೆ ಪಾಠ ಹೇಳಿದೆ. ಇತ್ತು. ಮೂಡಲಗಿಯ ಆ ಕೋಣೆಯಲ್ಲಿ ಎರಡು ವರ್ಷ ಇತ್ತು.

ಮಹೇಶನಿಗೆ ಇಲ್ಲಿಂದಲೇ ಫೋನು ಮಾಡಿಸಿದೆ. “ಆವತ್ತ ಅಕ್ಕನ ನೋಡಿ ನೀ ನಕ್ಕಿ, ನಾನೂ ನಕ್ಕೆ. ನಿನ್ನದು ಸಣ್ಣ ತಪ್ಪು. ಬಿಡುಗಡೆ ಮುಂದಕ್ಕ ಹಾಕು, ಪುಸ್ತಕ ಇನ್ನೂ ಮುಗಿದಿಲ್ಲ,” ಅಂದೆ. “ಪತ್ರಿಕಿ ಹಂಚಿ ಆಗೇತಲ್ರಿ ಸರ,” ಅಂದ. ಆಗಲಿ ಅಂದೆ. ಹನಮಂತನಿಗೂ ಆರು ಅಧ್ಯಾಯಗಳನ್ನು ತಡೆಹಿಡಿಯಲು ಹೇಳಿದ್ದೇನೆ. ಏಳನೆಯದು ನಿನ್ನ ಸೀರೆಗಳ ನಡುವೆಯೇ ಇರಲಿ. ಅದು ಇದ್ದಲ್ಲಿ ಸರಿಯಾಗಿದೆ.

ಬಾ ಎಂದು ಬರೆಯುವುದಿಲ್ಲ. ಆ ಮಾತನ್ನು ಮೊದಲಿನ ಪತ್ರಗಳಲ್ಲಿ ಅಪ್ಪಣೆಯಾಗಿ ಬರೆದು ಹಾಳು ಮಾಡಿದ್ದೇನೆ.

ಮಾಲಿಂಗಪ್ಪ


ಹತ್ತರ‌ಗಿ
೧೮ ಮೇ ೨೦೨೪

ಶರಣಾರ್ಥಿ.

ಪತ್ರವನ್ನು ಮೊದಲು ಒಡೆದವಳು ಶೈಲಾ. “ಅಕ್ಕಾ, ಮಾಮಾರು ಆಶೀರ್ವಾದ ಮಾಡೂದು ಬಿಟ್ಟು ಶರಣು ಅಂದಾರ. ಆರಾಮ ಇಲ್ಲೇನ ಅವರಿಗೆ?” ಅಂದಳು. ಕಸಿದುಕೊಂಡು ಒಳಗೆ ಹೋಗಿ ಓದಿದೆ.

ಉತ್ತರ ಸರಿ. ನೀವು ಸಿಟ್ಟಾದ ಸಾಲು ಬಂದಾಗಲೇ ತಿಳಿಯಿತು. ಆ ಗ್ರೀಕ್ ಗಂಡನಿಗೂ, ಕದಲಿಸಲು ಬಾರದ ಮಂಚವನ್ನು ಕದಲಿಸಿ ಎಂದು ಹೆಂಡತಿ ಪರೀಕ್ಷಿಸಿದಾಗ ಸಿಟ್ಟೇ ಬಂದಿತ್ತು, ಆ ಸಿಟ್ಟಿನಿಂದಲೇ ಹೆಂಡತಿ ಗುರುತು ಹಿಡಿದಳು ಎಂದು ನೀವೇ ಬರೆದಿದ್ದೀರಿ. ನಕಲು ಮಾಡುವಾಗ ತಲೆಯನ್ನೂ ಇಟ್ಟುಕೊಂಡಿದ್ದೆ.

ನಾನು ಮುಚ್ಚಿಟ್ಟದ್ದು ಒಂದಿದೆ. ಮತದಾನದ ದಿನ ಆ ಇನ್ನೂರು ಹೆಜ್ಜೆ ನಡೆದಿದ್ದೆ. ಬಾಗಿಲು ತೆರೆದಿತ್ತು. ನೀವು ಒಳಗೆ, ಯಾರೂ ಇಲ್ಲದ ಕೋಣೆಯಲ್ಲಿ, ದಾಸೋಹದ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದಿರಿ. ಒಂದು ಕಡೆ ಓದು ನಿಲ್ಲಿಸಿದಿರಿ. ನಾನು “ತಡೀರಿ” ಅನ್ನುತ್ತಿದ್ದ ಜಾಗ ಅದು. ಏಕೆ ನಿಲ್ಲಿಸಿದಿರೆಂದು ನಿಮಗೇ ಗೊತ್ತಾಗಲಿಲ್ಲ, ಮುಂದೆ ಓದಿದಿರಿ. ಹೊಸ್ತಿಲ ಹೊರಗೆ ನಿಂತು ಬಾಯಿಗೆ ಸೆರಗು ಹಿಡಿದುಕೊಂಡೆ. ಒಳಗೆ ಬಂದಿದ್ದರೆ ಉತ್ತರವನ್ನು ನಾನೇ ಹೇಳಿಬಿಡುತ್ತಿದ್ದೆ. ಅದಕ್ಕೇ ಬಸ್ಸಿಗೆ ಹೋದೆ. ನೀವು ಮಹೇಶನಿಗೆ ಹೇಳಿದ ಸುಳ್ಳು ಅರ್ಧ ನನ್ನದೂ ಆಯಿತು.

ಸತ್ಕಾರ ಮುಂದಕ್ಕೆ ಹೋದದ್ದು ಒಳ್ಳೆಯದಾಯಿತು. ನನಗೆ ವೇದಿಕೆಯ ಜೋಡಿ ಕುರ್ಚಿ ಬೇಡ. ನಿಮ್ಮ ಕೋಣೆಯ ಮೇಜಿಗೆ ಆ ಕಡೆಯಿಂದ ಒಂದು ಕುರ್ಚಿ ಹಾಕಿ. ಮೇಜು ಗೋಡೆಗೆ ಅಂಟಿಕೊಂಡಿದೆ, ಸರಿಸಬೇಕಾಗುತ್ತದೆ. ಒಬ್ಬರೇ ಎತ್ತಬೇಡಿ, ಬಂದ ಮೇಲೆ ಇಬ್ಬರೂ ಹಿಡಿಯೋಣ.

ಏಳನೆಯ ಅಧ್ಯಾಯದ ಕಡೆಯ ಹಾಳೆಯನ್ನು ಮಾತ್ರ ಇದರ ಜೊತೆ ಇಟ್ಟಿದ್ದೇನೆ. ಅಂದು ನೀವು ಮೇಲೆ ತಿದ್ದಿ ಬರೆದ ಪತ್ಯನುವರ್ತನವನ್ನೂ ಹೊಡೆದುಹಾಕಿದ್ದೇನೆ, ಒಮ್ಮನವನ್ನೂ ಹೊಡೆದುಹಾಕಿದ್ದೇನೆ. ಅದು ನಿಮ್ಮನ್ನು ಕೇಳದೆ ಬರೆದದ್ದು. ಕೊನೆಯ ವಾಕ್ಯವನ್ನು ಹೊಸದಾಗಿ ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದ್ದೇನೆ. ಪತ್ರದಲ್ಲಿ ಮುಗಿಸಿ ಕಳುಹಿಸಬೇಡಿ. ಗುರುವಾರ ಹತ್ತೂವರೆಯ ಬಸ್ಸಿಗೆ ಬರುತ್ತೇನೆ. ಗಟ್ಟಿಯಾಗಿ ಓದಿ ಹೇಳಿ, ಕೇಳುತ್ತೇನೆ. ಸರಿ ಅನಿಸದಿದ್ದರೆ ಹಾಳೆ ತಿರುಗಿಸಿಕೊಳ್ಳುತ್ತೇನೆ.

ಹಾಳೆಯಲ್ಲಿ ಬರೆದದ್ದು ಇಷ್ಟು: ಒಂದು ಮನೆಯನ್ನು ನಡೆಸುವವರು ಯಾರೆಂದು ಹೊರಗಿನವರು ಕೇಳಿದರೆ,